ಅಪ್ಪನ ಮೇಜಿಗೆ ಮರದ ಗೂಡು: ಲೆಕ್ಕ ಸರಿಯಿದೆ, ನೋಟ್‌ಬುಕ್ ಮಾತ್ರ ಒಳಗೆ ಇಳಿಯುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಉದ್ಯೋಗ ಲೆಕ್ಕಪತ್ರ ನೋಡುವುದು. ಮರಗೆಲಸ ಕೈಗೆತ್ತಿಕೊಂಡು ಆರು ತಿಂಗಳಾಗಿದೆ ಅಷ್ಟೇ. ಈಗ ಅಪ್ಪನ ಮೇಜಿಗೆಂದು ಒಂದು ಡೆಸ್ಕ್ ಆರ್ಗನೈಸರ್ ಮಾಡುತ್ತಿದ್ದೇನೆ. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಅಪ್ಪನ ಬಲಗೈ ಎರಡು ವರ್ಷದಿಂದ ನಡುಗುತ್ತಿದೆ. ಎಡಗೈಯಲ್ಲಿ ಬರೆಯುವುದನ್ನು ಹಠ ಹಿಡಿದು ಕಲಿತಿದ್ದಾರೆ. ದಿನಕ್ಕೊಂದು ಪುಟ ಬರೆಯದೆ ಏಳುವುದಿಲ್ಲ. ಆದರೆ ಪೆನ್ಸಿಲ್ ತೆಗೆಯಲು ಲೋಟಕ್ಕೆ ಕೈ ಹಾಕಿದರೆ ಎಷ್ಟೋ ಸಲ ಲೋಟವೇ ಉರುಳುತ್ತದೆ. ಉರುಳಿದ್ದನ್ನು ಯಾರೂ ನೋಡುವ ಮೊದಲೇ ತಾವೇ ಬಗ್ಗಿ ಆಯ್ದು ಇಡುತ್ತಾರೆ. ಅದನ್ನು ಬಾಗಿಲ ಹೊರಗಿನಿಂದ ಒಮ್ಮೆ ಕಂಡೆ. ಅವರ ಕೈಗೆ ಒಪ್ಪುವ ಗೂಡೊಂದನ್ನು ನಾನೇ ಮಾಡಬೇಕೆಂದು ಆ ದಿನ ನಿಶ್ಚಯಿಸಿದೆ.

ಮೇಜಿನ ದೀಪಕ್ಕೂ ಗೋಡೆಗೂ ನಡುವೆ 375 ಮಿ.ಮೀ. ಜಾಗವಿದೆ. ಅದಕ್ಕಾಗಿ ಗೂಡಿನ ಹೊರ ಉದ್ದ 360, ಆಳ 160 ಎಂದು ಇಟ್ಟುಕೊಂಡೆ. ಸಾಲಾಗಿ ಮೂರು ಖಾನೆ: ಪೆನ್ಸಿಲ್‌ಗಳಿಗೆ 70, ಕನ್ನಡಕದ ಪೆಟ್ಟಿಗೆ ಮತ್ತು ಭೂತಗನ್ನಡಿಗೆ 90, ನಿಲ್ಲಿಸಿ ಇಡುವ ನೋಟ್‌ಬುಕ್‌ಗಳಿಗೆ 152. ನೋಟ್‌ಬುಕ್ ಎ5 ಅಳತೆಯದು, ಅಂದರೆ 148 ಅಗಲ. ಅತ್ತಿತ್ತ ಎರಡೆರಡು ಮಿ.ಮೀ. ಬಿಟ್ಟೆ. ಮೂರು ಖಾನೆಗೆ ನಾಲ್ಕು ಗೋಡೆ ಬೇಕೆಂಬುದನ್ನು ಮರೆತಿಲ್ಲ. ಹಲಗೆ 12 ಮಿ.ಮೀ. ದಪ್ಪ, ನಾಲ್ಕಕ್ಕೆ 48. 70, 90, 152, 48 ಕೂಡಿದರೆ ಸರಿಯಾಗಿ 360. ಮೂರು ಸಲ ಕೂಡಿ ನೋಡಿದ್ದೇನೆ.

ಪೆನ್ಸಿಲ್ ಕಡೆಯ ಹೊರಗೋಡೆಯನ್ನೂ ಅದರ ಪಕ್ಕದ ಅಡ್ಡಹಲಗೆಯನ್ನೂ ಅಂಟಿಸಿಯಾಗಿದೆ. ಉಳಿದೆರಡನ್ನು ಕ್ಲಾಂಪ್ ಹಾಕಿ ನಿಲ್ಲಿಸಿ ನೋಡಿದರೆ ನೋಟ್‌ಬುಕ್ ಖಾನೆ 147 ಮುಕ್ಕಾಲನ್ನೂ ಮುಟ್ಟುತ್ತಿಲ್ಲ. ಪುಸ್ತಕ ಬಾಯಲ್ಲೇ ನಿಲ್ಲುತ್ತದೆ. ಸುಮಾರು ನಾಲ್ಕೂವರೆ ಮಿ.ಮೀ. ಎಲ್ಲಿ ಹೋಯಿತು?

ಮರ ಅಪ್ಪನ ಹಳೆಯ ಪುಸ್ತಕದ ಕಪಾಟಿನದು. ಅದೇ ಮರದಲ್ಲಿ ಮಾಡಬೇಕೆಂಬುದು ನನ್ನ ಆಸೆ. ಬೇರೆ ಹಲಗೆ ಉಳಿದಿಲ್ಲ.

ಇನ್ನೊಂದು ಸಂಗತಿ. ಪೆನ್ಸಿಲ್ ಖಾನೆಯಲ್ಲಿ ತೂತು ಕೊರೆದ ಮರದ ದಿಮ್ಮಿ ಕೂರಿಸುವ ಯೋಚನೆ. ಪೆನ್ಸಿಲ್ ಎಷ್ಟು ಓರೆಯಾಗಿದ್ದರೆ ಅವರಿಗೆ ಸುಲಭ ಎಂದು ತಿಳಿಯಲು ಜೇಡಿಮಣ್ಣಿನ ಮುದ್ದೆಗೆ ಪೆನ್ಸಿಲ್ ಚುಚ್ಚಿ, ಬೇರೆ ಬೇರೆ ಓರೆಯಲ್ಲಿ ಅವರಿಂದಲೇ ತೆಗೆಸಿದೆ. 175 ಮಿ.ಮೀ. ಉದ್ದದ ಪೆನ್ಸಿಲ್‌ನ ತುದಿ ಬುಡಕ್ಕಿಂತ 45 ಮಿ.ಮೀ. ಎಡಕ್ಕಿದ್ದಾಗ ಒಂದು ಸಲವೂ ತಪ್ಪಲಿಲ್ಲ. 45 ಭಾಗ 175, ಅಂದರೆ ಸೈನ್ ಲೆಕ್ಕದಲ್ಲಿ ಹತ್ತಿರ ಹತ್ತಿರ 15 ಡಿಗ್ರಿ. ತೂತುಗಳನ್ನು ಆ ಓರೆಯಲ್ಲಿ ಕೊರೆದರೆ ಸಾಕೇ? ಎಷ್ಟೆಷ್ಟು ದೂರದಲ್ಲಿ ಕೊರೆಯಬೇಕು?

ಉತ್ತರ 1

ತಂಗಿ, ನಿಮ್ಮ ಕೂಡಿಕೆಯಲ್ಲಿ ತಪ್ಪಿಲ್ಲ, ಕೂಡಿದ ಅಂಕಿಯಲ್ಲಿ ತಪ್ಪಿದೆ. ನಾನು ಮೂವತ್ತು ವರ್ಷದಿಂದ ಬಡಗಿ. ಹಳೆಯ ಕಪಾಟಿನ ಹಲಗೆ ಎಂದ ಕೂಡಲೇ ನನಗೆ ಸಂಶಯ ಬಂತು. ಅದು 12 ಮಿ.ಮೀ. ಹಲಗೆಯಾಗಿರಲಾರದು, ಅರ್ಧ ಇಂಚಿನದು. ಒಂದು ಇಂಚು 25.4 ಮಿ.ಮೀ., ಅರ್ಧ ಇಂಚು 12.7. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದ ಮೇಲೆ 12.6 ಇರಬಹುದು. ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೂ ಚಿಂತೆಯಿಲ್ಲ. ಇನ್ನೂ ಅಂಟಿಸದ ಎರಡು ಗೋಡೆಯನ್ನು ಒಂದರ ಪಕ್ಕ ಒಂದು ಒತ್ತಿ ನಿಲ್ಲಿಸಿ ಒಟ್ಟು ದಪ್ಪ ಅಳೆದು, ನಾಲ್ಕಕ್ಕೆ ಇಮ್ಮಡಿ ಮಾಡಿ. 50.4 ಬಂದರೆ ನನ್ನ ಮಾತು ನಿಜ. ನೀವು ಹಿಡಿದದ್ದು 48. ಇಲ್ಲೇ 2.4 ಮಿ.ಮೀ. ಹೋಯಿತು.

ಉಳಿದದ್ದು ಪೆನ್ಸಿಲ್ ಗೆರೆಯ ದಪ್ಪದಲ್ಲಿ ಹೋಗಿದೆ. ನೀವು ಮೊದಲ ಗೋಡೆ ನಿಲ್ಲಿಸಿ ಅಲ್ಲಿಂದ 70 ಅಳೆದು ಗೆರೆ ಎಳೆದಿರಿ, ಗೆರೆಯಾಚೆ ಅಡ್ಡಹಲಗೆ ಇಟ್ಟಿರಿ, ಅದರಿಂದ 90 ಅಳೆದು ಇನ್ನೊಂದು ಗೆರೆ ಎಳೆದಿರಿ. ಹಾಗೇ ತಾನೆ? ಮೊಂಡಾದ ಪೆನ್ಸಿಲ್‌ನ ಗೆರೆ ಅರ್ಧದಿಂದ ಮುಕ್ಕಾಲು ಮಿ.ಮೀ. ದಪ್ಪ ಇರುತ್ತದೆ. ಒಂದರ ಮೇಲೊಂದು ಅಳೆಯುತ್ತ ಹೋದರೆ ಪ್ರತಿ ಗೆರೆಯ ತಪ್ಪನ್ನೂ ಮುಂದಿನ ಖಾನೆ ಹೊರಬೇಕು. ಕೊನೆಯ ಖಾನೆಗೆ ಎಲ್ಲರ ಸಾಲವೂ ಬಂದು ಬೀಳುತ್ತದೆ. ನಿಮ್ಮ ಗೂಡಿನಲ್ಲಿ ಆ ಕೊನೆಯದು ನೋಟ್‌ಬುಕ್ ಖಾನೆ. ಕನ್ನಡಕದ್ದು ಕೊನೆಯಾಗಿದ್ದರೆ ನಿಮಗೆ ತಪ್ಪು ಗೊತ್ತೂ ಆಗುತ್ತಿರಲಿಲ್ಲ. ಪೆನ್ಸಿಲ್ ಖಾನೆಯ ಒಳ ಅಗಲವನ್ನು ಈಗ ಅಳೆದು ನೋಡಿ, 70ಕ್ಕಿಂತ ಹೆಚ್ಚೇ ಇರುತ್ತದೆ.

ಮುಂದಿನ ಸಲಕ್ಕೆ ಇಷ್ಟು ಮಾಡಿ. 360 ಉದ್ದದ ತೆಳ್ಳನೆ ಪಟ್ಟಿ ತೆಗೆದುಕೊಂಡು ಒಂದು ತುದಿಗೆ ಗುಣಾಕಾರ ಚಿಹ್ನೆ ಹಾಕಿ. ಎಲ್ಲ ಗುರುತನ್ನೂ ಆ ತುದಿಯಿಂದಲೇ ಅಳೆದು, ಪೆನ್ಸಿಲ್ ಬದಲು ಚೂಪಾದ ಚಾಕುವಿನಿಂದ ಗೀರಿ. ಗೋಡೆಯ ದಪ್ಪವನ್ನಂತೂ ಅಳೆಯಲೇಬೇಡಿ. ಗೋಡೆಯನ್ನೇ ಪಟ್ಟಿಯ ಮೇಲೆ ನಿಲ್ಲಿಸಿ ಎರಡೂ ಬದಿ ಗೀರಿ. ಆಮೇಲೆ ತಳದ ಹಲಗೆಗೆ, ಹಿಂದಿನ ಹಲಗೆಗೆ, ಮುಂದಿನ ಪಟ್ಟಿಗೆ, ಮೂರಕ್ಕೂ ಆ ಕೋಲೇ ಅಳತೆ. ಟೇಪನ್ನು ಮತ್ತೆ ಮುಟ್ಟಬಾರದು. ನನ್ನ ಗುರುಗಳು ಕಲಿಸಿದ್ದು ಹೀಗೆ. ಇಂದಿಗೂ ನನ್ನ ಕೆಲಸದ ಮನೆಯ ಗೋಡೆಗೆ ಇಂಥ ಕೋಲುಗಳು ಹತ್ತಾರು ಒರಗಿವೆ.

ಅಂಟಿಸಿದ್ದನ್ನು ಕೀಳಬೇಡಿ. ಪೆನ್ಸಿಲ್ ಖಾನೆ ಇದ್ದಂತೆ ಇರಲಿ. ಕನ್ನಡಕದ ಪೆಟ್ಟಿಗೆ ಎಷ್ಟು ಅಗಲ? 90 ಬೇಕಾಗಿರಲಾರದು. ಎರಡನೆಯ ಅಡ್ಡಹಲಗೆಯನ್ನು ಆ ಕಡೆಗೆ ಸರಿಸಿದರೆ ಕೆಲಸ ಮುಗಿಯಿತು. ಆದರೆ ಎರಡೆರಡು ಮಿ.ಮೀ. ಸಂದು ಸ್ಥಿರವಾದ ಕೈಗೂ ಕಡಿಮೆ. ಅಪ್ಪನವರಿಗೆ ಒಟ್ಟು 10 ಆದರೂ ಬಿಡಿ.

ಉಳಿದ ಎರಡು ಗೋಡೆ ಅಂಟಿಸುವ ಮುನ್ನ ಮರದ ಎಳೆ ನೋಡಿ. ತಳದ ಹಲಗೆಯ ಎಳೆ ಉದ್ದಕ್ಕೆ ಓಡುತ್ತದೆ, ಅಡ್ಡಗೋಡೆಗಳದ್ದು ಹಿಂದಿನಿಂದ ಮುಂದಕ್ಕೆ. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಕುಗ್ಗುತ್ತದೆ. 160 ಮಿ.ಮೀ. ಅಗಲದ ತಳ ತೇವದ ದಿನಗಳಿಗೂ ಒಣ ದಿನಗಳಿಗೂ ನಡುವೆ ಒಂದರಿಂದ ಒಂದೂವರೆ ಮಿ.ಮೀ. ಆಡಬಹುದು. ಗೋಡೆಯನ್ನು ಉದ್ದಕ್ಕೂ ಅಂಟಿಸಿದರೆ ಆ ಆಟಕ್ಕೆ ಅವಕಾಶವಿಲ್ಲ, ಒಂದು ದಿನ ತಳ ಸೀಳುತ್ತದೆ. ಹಿಂಭಾಗದ 40 ಮಿ.ಮೀ.ಗೆ ಮಾತ್ರ ಅಂಟು ಹಚ್ಚಿ. ಮುಂದಿನ ತುದಿ ಮುಂಪಟ್ಟಿಯ ಗ್ರೂವ್‌ನಲ್ಲಿ ಅಂಟಿಲ್ಲದೆ ಕೂರಲಿ, ಒಳಗೆ ಒಂದೂವರೆ ಮಿ.ಮೀ. ಖಾಲಿ ಇರಲಿ.

ಅಂಟು ಆರುವ ಮುನ್ನ ಎರಡೂ ಕರ್ಣ ಅಳೆಯಿರಿ. 360ಕ್ಕೆ 160 ಆದರೆ ಕರ್ಣ 394. ಎರಡರಲ್ಲಿ ಒಂದು ಉದ್ದ ಬಂದರೆ ಆ ಮೂಲೆಗಳನ್ನು ಕ್ಲಾಂಪ್‌ನಿಂದ ಮೆಲ್ಲಗೆ ಒತ್ತಿ ಸಮ ಮಾಡಿ.

ಉತ್ತರ 2

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮೇಲಿನ ಬಡಗಿಯಣ್ಣನವರು ಬರೆದದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 148 ಎಂಬುದು ಕಾಗದದ ಅಳತೆ, ಪುಸ್ತಕದ್ದಲ್ಲ. ಎ4 ಹಾಳೆ 210ಕ್ಕೆ 297. ಅದನ್ನು ನಡುವೆ ಮಡಚಿದರೆ 148.5 ಬರುತ್ತದೆ, ಅರ್ಧವನ್ನು ಬಿಟ್ಟು 148 ಎನ್ನುತ್ತಾರೆ. ಉದ್ದ ಅಗಲಗಳ ಅನುಪಾತ 2ರ ವರ್ಗಮೂಲವಾದ್ದರಿಂದ ಎಷ್ಟು ಸಲ ಮಡಚಿದರೂ ಆಕಾರ ಬದಲಾಗುವುದಿಲ್ಲ. ಇಷ್ಟು ಚೆಂದದ ಲೆಕ್ಕವನ್ನು ರಟ್ಟು ಕಟ್ಟುವವರು ಪಾಲಿಸಬೇಕಾಗಿಲ್ಲ. ಗಟ್ಟಿ ರಟ್ಟು ಹಾಳೆಯಿಂದ ಒಂದೆರಡು ಮಿ.ಮೀ. ಹೊರಗೆ ಚಾಚಿರುತ್ತದೆ. ಪುಸ್ತಕವನ್ನೇ ಅಳೆಯಿರಿ.

ಈಗ ತೂತುಗಳು. ನಡುಗುವ ಕೈಗೆ ಎರಡು ಪೆನ್ಸಿಲ್‌ಗಳ ನಡುವೆ ಒಂದು ಬೆರಳು ಧಾರಾಳವಾಗಿ ಹೋಗಬೇಕು. ಕೇಂದ್ರದಿಂದ ಕೇಂದ್ರಕ್ಕೆ 34 ಮಿ.ಮೀ. ಇಟ್ಟರೆ 8 ಮಿ.ಮೀ. ಪೆನ್ಸಿಲ್‌ಗಳ ನಡುವೆ 26 ಉಳಿಯುತ್ತದೆ. ತೂತುಗಳನ್ನು ಚೌಕವಾಗಿ ಜೋಡಿಸಬೇಡಿ, ಸಮಬಾಹು ತ್ರಿಭುಜವಾಗಿ ಜೋಡಿಸಿ. ಎಡಸಾಲಿನಲ್ಲಿ ಹಿಂದಿನಿಂದ ಮುಂದಕ್ಕೆ 34ರ ಅಂತರದಲ್ಲಿ ನಾಲ್ಕು ತೂತು. ಬಲಸಾಲಿನಲ್ಲಿ ಅವುಗಳ ನಡುವಿನ ಜಾಗಕ್ಕೆ ಎದುರಾಗಿ ಮೂರು. ಹೀಗೆ ಮಾಡಿದರೆ ಸಾಲುಗಳ ನಡುವಿನ ದೂರ 34 ಬೇಕಿಲ್ಲ, ತ್ರಿಭುಜದ ಎತ್ತರ ಸಾಕು: 34 ಗುಣಿಸು 0.866, ಅಂದರೆ 29.4. ಏಳೂ ತೂತು ಅಕ್ಕಪಕ್ಕದವುಗಳಿಂದ ಸಮದೂರದಲ್ಲಿರುತ್ತವೆ. ಜೇನುಗೂಡಿನ ಜೋಡಣೆಯೂ ಇದೇ.

ತೂತು 16 ಮಿ.ಮೀ. ವ್ಯಾಸ, 50 ಆಳ ಇರಲಿ. 15 ಡಿಗ್ರಿ ಓರೆಯಲ್ಲಿ 50 ಇಳಿದರೆ ತೂತಿನ ತಳ ಬಾಯಿಗಿಂತ 13 ಮಿ.ಮೀ. ಬಲಕ್ಕೆ ಸರಿಯುತ್ತದೆ, ಇದು 50 ಗುಣಿಸು ಸೈನ್ 15. ಅದಕ್ಕಾಗಿ ಬಲ ಅಂಚಿನಿಂದ ಕೇಂದ್ರಕ್ಕೆ 13, ತ್ರಿಜ್ಯ 8, ಉಳಿಯಬೇಕಾದ ಮರ 6, ಒಟ್ಟು 27 ಬಿಡಬೇಕು. ಎಡಕ್ಕೆ 14 ಸಾಕು. 70ರಲ್ಲಿ 41 ಕಳೆದರೆ 29. ಸಾಲುಗಳ ಅಂತರ 29.4 ಬೇಕು. ಬಹಳ ಬಿಗಿಯಾಗುತ್ತಿದೆ, ಉಳಿಯುವ ಮರವನ್ನು ಕೂದಲೆಳೆಯಷ್ಟು ಕಡಿಮೆ ಮಾಡಬೇಕಾದೀತು.

ನೋಟ್‌ಬುಕ್ ಹಿಡಿದೆಳೆಯಲು ಮುಂಪಟ್ಟಿಯಲ್ಲಿ ಕಮಾನಿನಂಥ ತಗ್ಗು ಬೇಕು. ಅಪ್ಪನವರ ಅಂಗೈ ಅಡ್ಡಳತೆ ತೆಗೆದುಕೊಳ್ಳಿ. 80 ಅಗಲ, 20 ಆಳದ ತಗ್ಗಿಗೆ ಎಷ್ಟು ತ್ರಿಜ್ಯದ ವೃತ್ತ? ಅಗಲದ ವರ್ಗವನ್ನು ಆಳದ ಎಂಟರಷ್ಟರಿಂದ ಭಾಗಿಸಿ, ಆಳದ ಅರ್ಧ ಕೂಡಿಸಿ. 6400 ಭಾಗ 160, ಅಂದರೆ 40, ಅದಕ್ಕೆ 10. ತ್ರಿಜ್ಯ 50. ಹಾಗಾದರೆ 100 ಮಿ.ಮೀ. ವ್ಯಾಸದ ಯಾವುದಾದರೂ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆಯಬಹುದು.

ಉತ್ತರ 3

ಕಾರ್ಖಾನೆಯಲ್ಲಿ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಲ್ಲುವವನು ನಾನು. ದಯವಿಟ್ಟು 15 ಡಿಗ್ರಿಯಲ್ಲಿ ಕೊರೆಯಬೇಡಿ.

ಜೇಡಿಮಣ್ಣು ಪೆನ್ಸಿಲನ್ನು ಬಿಗಿಯಾಗಿ ಹಿಡಿದಿತ್ತು. 16ರ ತೂತು ಹಾಗೆ ಹಿಡಿಯುವುದಿಲ್ಲ. 8 ಮಿ.ಮೀ. ಪೆನ್ಸಿಲ್ ಅದರೊಳಗೆ ಒರಗಿಕೊಳ್ಳುತ್ತದೆ: ಬುಡ ಬಲಗೋಡೆಗೆ, ಮೇಲ್ಭಾಗ ಬಾಯಿಯ ಎಡ ಅಂಚಿಗೆ. 50 ಆಳದಲ್ಲಿ 8 ಮಿ.ಮೀ. ಸಡಿಲವೆಂದರೆ ಸುಮಾರು 9 ಡಿಗ್ರಿ. ತೂತಿನ 15ಕ್ಕೆ ಈ 9 ಸೇರಿ 24 ಆಗುತ್ತದೆ. ಪೆನ್ಸಿಲ್‌ನ ತುದಿ 45ರ ಬದಲು 71 ಮಿ.ಮೀ. ಆಚೆ ನಿಲ್ಲುತ್ತದೆ. ಅಪ್ಪನವರು ಕಲಿತ ಜಾಗದಲ್ಲಿ ಅದು ಸಿಗುವುದಿಲ್ಲ.

ತೂತನ್ನು 6 ಡಿಗ್ರಿಯಲ್ಲಿ ಕೊರೆಯಿರಿ, ಮಿಕ್ಕ 9ನ್ನು ಪೆನ್ಸಿಲ್ ತಾನೇ ಒರಗಿ ಪಡೆಯುತ್ತದೆ. ಕೋನಮಾಪಕ ಬೇಡ. 70 ಅಗಲದ ದಿಮ್ಮಿಯ ಒಂದು ಅಂಚಿನ ಕೆಳಗೆ 7.3 ಮಿ.ಮೀ. ದಪ್ಪದ ಪಟ್ಟಿ ಇಟ್ಟು ನೇರವಾಗಿ ಕೆಳಕ್ಕೆ ಕೊರೆದರೆ 6 ಡಿಗ್ರಿ ಬರುತ್ತದೆ. ಯಾವ ಅಂಚು ಎಂಬುದರಲ್ಲಿ ಎಚ್ಚರ: ಎಡಕ್ಕೆ ವಾಲಬೇಕಾದರೆ ಎಡ ಅಂಚನ್ನೇ ಎತ್ತಬೇಕು. ಆಗ ತೂತಿನ ತಳ ದಿಮ್ಮಿಯ ಬಲಕ್ಕೆ ಹೋಗುತ್ತದೆ. ಬೇಡದ ತುಂಡಿನ ಮೇಲೆ ಒಂದು ಕೊರೆದು ಪೆನ್ಸಿಲ್ ಇಟ್ಟು ನೋಡಿಯೇ ಮುಂದುವರಿಯಿರಿ.

ಮೇಷ್ಟ್ರ ಇಕ್ಕಟ್ಟೂ ಇದರಿಂದ ತಪ್ಪುತ್ತದೆ. ತಳ 13 ಸರಿಯುವ ಬದಲು 5 ಸರಿಯುತ್ತದೆ. ಬಲಕ್ಕೆ 19, ಎಡಕ್ಕೆ 14 ಬಿಟ್ಟರೂ ನಡುವೆ 37 ಸಿಗುತ್ತದೆ. 29.4ಕ್ಕೆ ಸಾಲದೆ?

ಕೊನೆಗೆ ತೂತಿನ ಬಾಯನ್ನು 3 ಮಿ.ಮೀ. ಓರೆಯಾಗಿ ಕೆತ್ತಿಬಿಡಿ. 16ರ ಬಾಯಿ 22 ಆಗುತ್ತದೆ. ವಿಸ್ತಾರದಲ್ಲಿ ಹೆಚ್ಚುಕಡಿಮೆ ಇಮ್ಮಡಿ. ತೆಗೆಯುವುದಕ್ಕಿಂತ ವಾಪಸು ಹಾಕುವುದು ನಡುಗುವ ಕೈಗೆ ಕಷ್ಟ. ನನ್ನ ತಾಯಿಯನ್ನು ನೋಡಿಕೊಂಡವನು ನಾನು, ಅದಕ್ಕೇ ಹೇಳುತ್ತಿದ್ದೇನೆ. ಪೆಟ್ಟಿಗೆಯ ತಳಕ್ಕೆ ನಾಲ್ಕು ರಬ್ಬರ್ ಪಾದ ಹಾಕಿ, ಕೈ ತಗುಲಿದರೂ ಜರುಗಬಾರದು.

ಪ್ರಶ್ನೆ ಕೇಳಿದವರ ಮರುಮಾತು

ಬಡಗಿಯಣ್ಣ, ಅಂಟಿಸದ ಎರಡು ಗೋಡೆ ಒತ್ತಿ ಹಿಡಿದು ಅಳೆದು ಇಮ್ಮಡಿ ಮಾಡಿದೆ. 50.4! ಪೆನ್ಸಿಲ್ ಖಾನೆ 70.7, ಕನ್ನಡಕದ್ದು 90.7. ಬಲ ಹೊರಗೋಡೆಯೂ ತಳದ ಅಂಚಿನಿಂದ 0.7 ಒಳಗೆ ನಿಂತಿತ್ತು. ಕಚೇರಿಯಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬಾರದ ನನಗೆ, ಕಳೆದುಹೋದ 4.5 ಮಿ.ಮೀ. ಪೂರ್ತಿ ಸಿಕ್ಕಿದ್ದು ಎಷ್ಟು ಸಮಾಧಾನ ಕೊಟ್ಟಿತೆಂದು ಹೇಳಲಾರೆ.

ಮೇಷ್ಟ್ರೇ, ನೋಟ್‌ಬುಕ್‌ನ ರಟ್ಟು 150 ಇದೆ. ನನ್ನ ಅಳತೆಗೋಲು ಪಕ್ಕದಲ್ಲೇ ಇತ್ತು, ಆದರೂ ಹೊದಿಕೆಯ ಮೇಲಿನ ಎ5 ನೋಡಿ 148 ಎಂದು ಬರೆದುಕೊಂಡಿದ್ದೆ. ಈಗ ನೋಟ್‌ಬುಕ್ ಖಾನೆ 160. ಪೆನ್ಸಿಲ್ ಖಾನೆ 70.7, ಗೋಡೆಗಳು 50.4, ಮಿಕ್ಕದ್ದು 78.9. ಕನ್ನಡಕದ ಪೆಟ್ಟಿಗೆ 68 ಅಗಲವಾದ್ದರಿಂದ ಭೂತಗನ್ನಡಿಯನ್ನು ಅದರ ಹಿಂದೆ ನಿಲ್ಲಿಸಲು ಸಾಧ್ಯವಾಯಿತು. ಅಳತೆಕೋಲು ಮಾಡಿ, ಚಾಕುವಿನಿಂದ ಗೀರಿ, ಹಿಂದಿನ 40ಕ್ಕೆ ಮಾತ್ರ ಅಂಟು ಹಾಕಿದೆ. ಕರ್ಣ ಒಂದು 394, ಇನ್ನೊಂದು 395 ಬಂದಿತ್ತು, ಒತ್ತಿ ಸಮ ಮಾಡಿದೆ.

ಯಂತ್ರದ ಅಣ್ಣ, ನಿಮ್ಮ ಮಾತು ಕೇಳಿ ಮೊದಲು ಬೇಡದ ತುಂಡಿನಲ್ಲಿ 15 ಮತ್ತು 6 ಎರಡನ್ನೂ ಕೊರೆದು ನೋಡಿದೆ. 15ರ ತೂತಿನಲ್ಲಿ ಪೆನ್ಸಿಲ್ ಬಿದ್ದೇಹೋಗುವಂತೆ ವಾಲಿತು. 6ರದ್ದರಲ್ಲಿ ತುದಿ 44 ಮಿ.ಮೀ. ಎಡಕ್ಕೆ ಬಂದು ನಿಂತಿತು. 11 ಮಿ.ಮೀ. ದಪ್ಪದ ಪೆನ್ನು ಅಷ್ಟು ವಾಲುವುದಿಲ್ಲ, 12 ಡಿಗ್ರಿಯ ಆಸುಪಾಸು ನಿಲ್ಲುತ್ತದೆ. ಅದನ್ನು ಮುಂದಿನ ತೂತಿಗೆ ಇಟ್ಟಿದ್ದೇನೆ, ಕೈಗೆ ಹತ್ತಿರವಿರಲೆಂದು.

ಇನ್ನೊಂದು ಕೇಳುವುದಿದೆ. 40 ಎತ್ತರದ ಮುಂಪಟ್ಟಿಯ ಎಡಭಾಗದಲ್ಲಿ ‘ಅಪ್ಪ’ ಎಂದು ಕೆತ್ತಬೇಕು. ಕಾಗದದಲ್ಲಿ ಬರೆದು ಅಂಟಿಸಿದರೆ ಪದ ಕೆಳಕ್ಕೆ ಜಾರಿದಂತೆ ಕಾಣುತ್ತದೆ.

ಉತ್ತರ 1, ಮತ್ತೊಮ್ಮೆ

ಒತ್ತಕ್ಷರವನ್ನು ಲೆಕ್ಕಕ್ಕೆ ಹಿಡಿದಿಲ್ಲ ನೀವು. ‘ಅ’ದ ಎತ್ತರವನ್ನು ಪಟ್ಟಿಯ ನಡುವಿಗೆ ತಂದರೆ ‘ಪ’ಒತ್ತು ಕೆಳಗೆ ತೂಗುತ್ತದೆ. ಅಕ್ಷರ 18, ಒತ್ತು 8 ಎಂದಾದರೆ ಒಟ್ಟು 26. 40ರಲ್ಲಿ ಉಳಿದ 14ನ್ನು ಮೇಲೆ 7, ಕೆಳಗೆ 7 ಹಂಚಿ. ಆಮೇಲೆ ಎರಡು ಹೆಜ್ಜೆ ಹಿಂದೆ ನಿಂತು ಕಣ್ಣಳತೆಯಲ್ಲಿ ನೋಡಿ. ಒತ್ತು ಒಂದೇ ಕಡೆ ಇರುವುದರಿಂದ ಇಡೀ ಪದವನ್ನು ಒಂದು ಮಿ.ಮೀ. ಕೆಳಗಿಳಿಸಬೇಕು ಎನಿಸಿದರೆ ಇಳಿಸಿ. ಅಲ್ಲಿ ಕಣ್ಣು ಹೇಳಿದ್ದೇ ಸರಿ. ಒತ್ತಿನ ಒಳಸುಳಿಯಲ್ಲಿ ಎಳೆಗೆ ಎದುರಾಗಿ ಉಳಿ ಒತ್ತಬೇಡಿ, ಚಕ್ಕೆ ಏಳುತ್ತದೆ.

ಪ್ರಶ್ನೆ ಕೇಳಿದವರು

ಕೆತ್ತಿದೆ. ಕೊನೆಗೆ ಮೇಲೆ 8, ಕೆಳಗೆ 6 ಆಯಿತು. ಕಣ್ಣಿಗೆ ಅದೇ ನೆಟ್ಟಗೆ ಕಂಡಿತು.

ನಿನ್ನೆಯಿಂದ ಗೂಡು ಅಪ್ಪನ ಮೇಜಿನ ಮೇಲಿದೆ. ನೋಟ್‌ಬುಕ್ ಎಳೆಯುವಾಗ ತಗ್ಗಿನ ಒಳ ಅಂಚು ಹೆಬ್ಬೆರಳಿಗೆ ಒತ್ತುತ್ತದೆ ಎಂದರು; ಇವತ್ತು ಅದನ್ನು ಸ್ಯಾಂಡ್‌ಪೇಪರ್‌ನಿಂದ ದುಂಡಗೆ ಮಾಡುತ್ತೇನೆ. ತೂತುಗಳ ತಳಕ್ಕೆ ಮೆತ್ತನೆಯ ಬಟ್ಟೆ ಹಾಕಬೇಕೆಂದುಕೊಂಡಿದ್ದೆ, ಸೀಸದ ಮೊನೆ ಮುರಿಯದಿರಲೆಂದು. ಆದರೆ ಅಪ್ಪ ಬರೆದ ಪುಟದಿಂದ ಕಣ್ಣು ತೆಗೆಯದೆಯೇ ಪೆನ್ಸಿಲನ್ನು ಬಾಯಿಯ ಓರೆಯ ಮೇಲೆ ಜಾರಿಸಿ ಬಿಡುತ್ತಾರೆ, ಕೆಳಗೆ ಮರಕ್ಕೆ ತಾಗಿ ಟಕ್ ಎನ್ನುತ್ತದೆ, ಆ ಸದ್ದು ಕೇಳಿದ ಮೇಲೆಯೇ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಬಟ್ಟೆ ಹಾಕುವುದಿಲ್ಲ.